ಪರದೆ ನೋಡದೆ ಪ್ರಶ್ನೆಪತ್ರಿಕೆ: ವರ್ಡ್ ಮತ್ತು ಎನ್‌ವಿಡಿಎ ಜೊತೆ

ಮುಳಬಾಗಿಲು ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಕನ್ನಡ ಮಿಸ್. ಕಣ್ಣು ಸ್ವಲ್ಪವೂ ಕಾಣಲ್ಲ. ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆ, ಪೋಷಕರ ಸಭೆಯ ನೋಟಿಸು, ಬಿಇಒ ಕಚೇರಿಗೆ ಹೋಗುವ ಕಾಗದ, ಎಲ್ಲ ನಾನೇ ಟೈಪ್ ಮಾಡೋದು. ಶ್ರೀನಿವಾಸಪುರದ ಕಡೆ ಹೊಸದಾಗಿ ಕೆಲಸಕ್ಕೆ ಸೇರಿದ, ನನ್ನ ಹಾಗೇ ಕಣ್ಣು ಕಾಣದ ಹುಡುಗಿಯೊಬ್ಬಳು ಫೋನ್ ಮಾಡಿ, "ಅಕ್ಕಾ, ನೀವು ಕ್ವೆಶ್ಚನ್ ಪೇಪರ್ ಯಾರ ಕೈಲಿ ಬರೆಸ್ತೀರಾ?" ಅಂದಳು. ಯಾರ ಕೈಲೂ ಇಲ್ಲ ಕಣಮ್ಮ, ಕೂತ್ಕೋ ಹೇಳ್ತೀನಿ ಅಂದೆ. ಅವಳಿಗೆ ಬಾಯಲ್ಲಿ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೀತಿದ್ದೀನಿ. 25 ಅಂಕದ ಒಂದು ಪತ್ರಿಕೆಯನ್ನು ಹಿಡ್ಕೊಂಡು ಹೋಗೋಣ. ಶೀರ್ಷಿಕೆ, ಬಿಟ್ಟ ಸ್ಥಳ, ಹೊಂದಿಸಿ ಬರೆಯಿರಿ, ಬಲಗಡೆ ಅಂಕ, ಇಷ್ಟೂ ಅದರಲ್ಲಿ ಬರೋದರಿಂದ ಅರ್ಜಿ, ವರದಿಗಳೆಲ್ಲ ಆಮೇಲೆ ಸಲೀಸು.

ನಾನು ಬಳಸೋದು ವಿಂಡೋಸ್, ಮೈಕ್ರೋಸಾಫ್ಟ್ ವರ್ಡ್ ಮತ್ತು ಎನ್‌ವಿಡಿಎ. ಎನ್‌ವಿಡಿಎ ಅಂದರೆ ಸ್ಕ್ರೀನ್ ರೀಡರ್, ಪರದೆಯ ಮೇಲಿರೋದನ್ನು ಗಟ್ಟಿಯಾಗಿ ಓದಿ ಹೇಳೋ ತಂತ್ರಾಂಶ. ಪುಕ್ಕಟೆ ಸಿಗುತ್ತೆ. ಆಸ್ಟ್ರೇಲಿಯಾದ ಮೈಕೆಲ್ ಕರ್ರನ್, ಅವರಿಗೂ ಕಣ್ಣು ಕಾಣಲ್ಲ, 2006ರಲ್ಲಿ ಇದನ್ನು ಶುರು ಮಾಡಿದ್ದು. ಜಾಸ್ ಅನ್ನೋ ಇನ್ನೊಂದು ಸ್ಕ್ರೀನ್ ರೀಡರ್ ಇರುವವರಿಗೂ ಕೆಳಗೆ ಹೇಳಿರೋ ವರ್ಡಿನ ಕೀಗಳೆಲ್ಲ ಹಾಗೇ ನಡೆಯುತ್ತೆ, ಸ್ಕ್ರೀನ್ ರೀಡರಿನ ಕೀಗಳು ಮಾತ್ರ ಕೆಲವು ಬೇರೆ.

ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ, ಮಿಕ್ಕಿದ್ದೆಲ್ಲ ಅದರ ಮೇಲೇ ನಿಂತಿದೆ. ಸ್ಕ್ರೀನ್ ರೀಡರ್ ಅಕ್ಷರವನ್ನು ತಾನಾಗಿ ಓದುತ್ತೆ. ಪುಟ ಹೇಗಿದೆ, ಅಕ್ಷರ ದಪ್ಪ ಇದೆಯಾ, ಸಾಲು ನಡುವಿಗಿದೆಯಾ, ಎರಡನೇ ಪುಟಕ್ಕೆ ಚೆಲ್ಲಿದೆಯಾ, ಇದನ್ನೆಲ್ಲ ನೀವು ಕೇಳಿದರೆ ಹೇಳುತ್ತೆ, ಕೇಳದಿದ್ದರೆ ಸುಮ್ಮನಿರುತ್ತೆ. ಟೈಪಿಂಗ್ ಕಲಿತವರು ಬೇಕಾದಷ್ಟು ಜನ ಸಿಗ್ತಾರೆ. ಕೇಳೋದನ್ನು ಕಲಿತವರು ಕಮ್ಮಿ. ಅವರ ಕಾಗದ ಅಕ್ಷರಕ್ಕೆ ಅಕ್ಷರ ಸರಿಯಿದ್ದರೂ ನೋಡೋಕೆ ಚೆಲ್ಲಾಪಿಲ್ಲಿಯಾಗಿರುತ್ತೆ, ನೋಡಿದವರು "ಪಾಪ" ಅಂದು ಸರಿಮಾಡಿ ಕೊಡ್ತಾರೆ. ಆ ಪಾಪ ಅನ್ನಿಸಿಕೊಳ್ಳೋದು ನಮಗೆ ಬೇಡ.

ಮೊದಲು ಧ್ವನಿ

ಕಂಟ್ರೋಲ್+ಆಲ್ಟ್+ಎನ್ ಒತ್ತಿದರೆ ಎನ್‌ವಿಡಿಎ ಶುರುವಾಗುತ್ತೆ. ಎನ್‌ವಿಡಿಎ ಕೀ ಅಂತ ನಾನು ಹೇಳಿದಾಗಲೆಲ್ಲ ಅದು ಇನ್ಸರ್ಟ್ ಕೀ. ಲ್ಯಾಪ್‌ಟಾಪ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಕ್ಯಾಪ್ಸ್ ಲಾಕ್ ಅನ್ನೂ ಎನ್‌ವಿಡಿಎ ಕೀ ಮಾಡಿಕೊಳ್ಳಿ, ಕೀಬೋರ್ಡ್ ಲೇಔಟನ್ನು ಲ್ಯಾಪ್‌ಟಾಪ್‌ಗೆ ಬದಲಾಯಿಸಿ. ಕೆಳಗೆ ನಾನು ಹೇಳೋದು ದೊಡ್ಡ ಕೀಬೋರ್ಡಿನ ಕೀಗಳನ್ನು. ಬಲಗಡೆ ನಂಬರ್ ಪ್ಯಾಡ್ ಇರುತ್ತಲ್ಲ, ಅದು ಓದಿಸೋಕೆ ಬೇಕು, ಅದಕ್ಕೆ ನಮ್ ಲಾಕ್ ಆಫ್ ಆಗಿರಲಿ. ಲ್ಯಾಪ್‌ಟಾಪಿನಲ್ಲಿ ಪತ್ರಿಕೆ ಮಾಡುವವರು ಒಂದು ಯುಎಸ್‌ಬಿ ಕೀಬೋರ್ಡ್ ಕೊಂಡುಕೊಳ್ಳೋದು ವಾಸಿ.

ಎನ್‌ವಿಡಿಎ+ಕಂಟ್ರೋಲ್+ಎಸ್ ಒತ್ತಿ ಇಸ್ಪೀಕ್ ಎನ್‌ಜಿ ಅನ್ನೋ, ಅಕ್ಷರವನ್ನು ಮಾತು ಮಾಡೋ ತಂತ್ರಾಂಶ ಆರಿಸಿ, ಎನ್‌ವಿಡಿಎ+ಕಂಟ್ರೋಲ್+ವಿ ಒತ್ತಿ ಧ್ವನಿಯನ್ನು ಕನ್ನಡಕ್ಕೆ ಹಾಕಿ. ಇಸ್ಪೀಕ್ ಕನ್ನಡ ಕೇಳೋಕೆ ಚೆಂದ ಅಂತ ಯಾರೂ ಹೇಳಲ್ಲ. ಒಣಗಲು ಗಂಟಲು. ಆದರೆ ಎಷ್ಟು ಜೋರಾಗಿ ಓಡಿಸಿದರೂ ಅಕ್ಷರ ನುಂಗಲ್ಲ, ಮೆನುವಿನಲ್ಲಿ ಇಂಗ್ಲಿಷ್ ಪದ ಬಂದರೆ ಅದನ್ನು ಇಂಗ್ಲಿಷ್ ಆಗಿಯೇ ಓದುತ್ತೆ. ತಿದ್ದುವ ಕೆಲಸಕ್ಕೆ ನನಗೆ ಚೆಂದದ ಧ್ವನಿಗಿಂತ ಇದೇ ಮೇಲು, ಯಾಕಂದರೆ ಚೆಂದದ ಧ್ವನಿಗಳು ತಪ್ಪಿರೋ ಪದವನ್ನೂ ನಯವಾಗಿ ದಾಟಿಸಿಬಿಡುತ್ತೆ.

ಇಡೀ ಕಂಪ್ಯೂಟರ್ ಕನ್ನಡ ಧ್ವನಿಯಲ್ಲಿ ಮಾತಾಡೋದು ಬೇಡ ಅನ್ನಿಸಿದರೆ, ವರ್ಡ್ ತೆರೆದಿರುವಾಗ ಎನ್‌ವಿಡಿಎ+ಕಂಟ್ರೋಲ್+ಪಿ ಒತ್ತಿ. ಕಾನ್ಫಿಗರೇಷನ್ ಪ್ರೊಫೈಲ್ಸ್ ಅನ್ನೋ ಡೈಲಾಗ್ ಬರುತ್ತೆ. ಹೊಸ ಪ್ರೊಫೈಲ್ ಮಾಡಿ, ಈಗಿನ ಅಪ್ಲಿಕೇಷನ್‌ಗೆ ಮಾತ್ರ ಅಂತ ಆರಿಸಿ, ಆಮೇಲೆ ಧ್ವನಿಯನ್ನು ಕನ್ನಡ ಮಾಡಿ. ವರ್ಡಿಗೆ ಹೋದ ತಕ್ಷಣ ಕನ್ನಡ, ಈಚೆ ಬಂದ ತಕ್ಷಣ ಹಳೆಯ ಧ್ವನಿ.

ಮಾತು ನಿಲ್ಲಿಸೋಕೆ ಕಂಟ್ರೋಲ್. ಎನ್‌ವಿಡಿಎ+2 ಒತ್ತಿದರೆ ಟೈಪ್ ಮಾಡುವ ಅಕ್ಷರ ಹೇಳುತ್ತೆ, ಬೇಡವಾದರೆ ಆಫ್ ಅನ್ನೋವರೆಗೆ ಮತ್ತೆ ಒತ್ತಿ. ಎನ್‌ವಿಡಿಎ+3 ಪದಗಳಿಗೆ. ಕಲಿಯುವಾಗ ಎರಡೂ ಇರಲಿ. ಕೈ ಪಳಗಿದ ಮೇಲೆ ಅಕ್ಷರ ತೆಗೆದು ಪದ ಮಾತ್ರ ಇಟ್ಟುಕೊಳ್ಳಿ, ಇಲ್ಲದಿದ್ದರೆ ಬರೆಯೋದೇನು ಅನ್ನೋದೇ ಮರೆತುಹೋಗುತ್ತೆ. ಯಾವ ಕೀ ಏನು ಅಂತ ಗೊತ್ತಾಗದಿದ್ದರೆ ಎನ್‌ವಿಡಿಎ+1. ಆಗ ಒತ್ತಿದ ಕೀಯ ಹೆಸರು ಹೇಳುತ್ತೆ, ಕೆಲಸ ಮಾಡಲ್ಲ. ಮತ್ತೆ ಅದನ್ನೇ ಒತ್ತಿ ಹೊರಗೆ ಬನ್ನಿ.

ಇಯರ್‌ಫೋನ್ ಹಾಕ್ಕೊಳ್ಳಿ. ಸ್ಟಾಫ್ ರೂಮಿನಲ್ಲಿ ಪ್ರಶ್ನೆಪತ್ರಿಕೆ ಜೋರಾಗಿ ಓದಿಸುತ್ತಾ ಕೂತರೆ ಬಾಗಿಲ ಹತ್ತಿರ ಹತ್ತನೇ ಕ್ಲಾಸಿನ ಮಕ್ಕಳಿಗೆ ಇದ್ದಕ್ಕಿದ್ದಂತೆ ಕೆಲಸ ಬರುತ್ತೆ. ಪರದೆಯ ವಿಷಯವೂ ಅಷ್ಟೇ. ನಮಗೆ ಅದು ಬೇಡ, ಹಿಂದೆ ನಿಂತವರಿಗೆ ಬೇಕು. ಎನ್‌ವಿಡಿಎ+ಕಂಟ್ರೋಲ್+ಎಸ್ಕೇಪ್ ಒತ್ತಿದರೆ ಸ್ಕ್ರೀನ್ ಕರ್ಟನ್ ಬಿದ್ದು ಪರದೆ ಪೂರ್ತಿ ಕಪ್ಪಾಗುತ್ತೆ, ನಿಮ್ಮ ಕೆಲಸ ನಡೀತಾ ಇರುತ್ತೆ. ಕಣ್ಣಿರುವ ಮೇಷ್ಟ್ರುಗಳಿಗಿಲ್ಲದ ಸೌಕರ್ಯ ಇದು.

ಕನ್ನಡ ಕೀಲಿ

ವಿಂಡೋಸ್ ಭಾಷೆಯ ಸೆಟ್ಟಿಂಗಿನಲ್ಲಿ ಕನ್ನಡ ಸೇರಿಸಿಕೊಳ್ಳಿ. ವಿಂಡೋಸ್+ಸ್ಪೇಸ್ ಒತ್ತಿದಾಗ ಕೀಬೋರ್ಡ್ ಬದಲಾಗುತ್ತೆ, ಯಾವುದಕ್ಕೆ ಬದಲಾಯಿತು ಅಂತ ಎನ್‌ವಿಡಿಎ ಹೇಳುತ್ತೆ. ನನ್ನ ಆಯ್ಕೆ ಇನ್‌ಸ್ಕ್ರಿಪ್ಟ್ ಅನ್ನೋ ಕೀಲಿ ಜೋಡಣೆ. ಅದರಲ್ಲಿ ಸ್ವರ ಎಡಗೈಗೆ, ವ್ಯಂಜನಗಳಲ್ಲಿ ಹೆಚ್ಚಿನವು ಬಲಗೈಗೆ. ಎಫ್ ಮತ್ತು ಜೆ ಮೇಲೆ ಇರುವ ಗುಬುಟು ಬೆರಳಿಗೆ ಸಿಗುತ್ತಲ್ಲ, ಎಫ್ ಅಂದರೆ ಗುಡಿಸು, ಜೆ ಅಂದರೆ ರ. ಎಫ್‌ನ ಪಕ್ಕದ ಡಿ ಅರ್ಧಾಕ್ಷರ ಮಾಡೋ ಕೀ. ಕರ್ನಾಟಕ ಅಂತ ಬರೆಯೋಕೆ ಕೆ, ಜೆ, ಡಿ, ವಿ, ಇ, ಅಪಾಸ್ಟ್ರಫಿ, ಕೆ. ಅರ್ಕಾವತ್ತು ಬರವಣಿಗೆಯಲ್ಲಿ ಮುಂದಿನ ಅಕ್ಷರದ ಬಾಲಕ್ಕೆ ಸೇರಿದರೂ, ಟೈಪ್ ಮಾಡುವಾಗ ಬಾಯಲ್ಲಿ ಹೇಳಿದ ಕ್ರಮದಲ್ಲೇ ಬರುತ್ತೆ: ಮೊದಲು ರ, ಆಮೇಲೆ ಅರ್ಧಾಕ್ಷರ, ಆಮೇಲೆ ನ. ಬರಹದ ರೂಪ ನೋಡಿ ಕಲಿತವರಿಗಿಂತ ಕಿವಿಯಿಂದ ಕಲಿತ ನಮಗೆ ಇದು ಬೇಗ ಹತ್ತುತ್ತೆ.

ತಿದ್ದುವಾಗ ಒಂದು ವ್ಯತ್ಯಾಸ ಚೆನ್ನಾಗಿ ತಿಳ್ಕೊಳ್ಳಿ. ಬಾಣದ ಕೀ ಒತ್ತಿದರೆ ಕರ್ಸರ್ ಒಂದು ಇಡೀ ಅಕ್ಷರವನ್ನು, ಅಂದರೆ ಗುಣಿತ, ಒತ್ತಕ್ಷರ ಎಲ್ಲ ಸೇರಿದ ಗಂಟನ್ನು ದಾಟುತ್ತೆ. ಡಿಲೀಟ್ ಒತ್ತಿದರೂ ಇಡೀ ಗಂಟು ಹೋಗುತ್ತೆ. ಬ್ಯಾಕ್‌ಸ್ಪೇಸ್ ಮಾತ್ರ ಹಿಂದಿನಿಂದ ಒಂದೊಂದೇ ಚಿಹ್ನೆ ಬಿಡಿಸುತ್ತೆ. 'ಶಾಲೆ' ಅಂತ ಬರೆಯಬೇಕಾದಲ್ಲಿ 'ಶಾಲೇ' ಆಗಿದ್ದರೆ, ಕರ್ಸರನ್ನು ಪದದ ಕೊನೆಗೆ ಇಟ್ಟು ಒಂದೇ ಒಂದು ಬ್ಯಾಕ್‌ಸ್ಪೇಸ್ ಸಾಕು, ಏತ್ವ ಪೂರ್ತಿ ಹೋಗಿ 'ಲ' ಉಳಿಯುತ್ತೆ, ಅದಕ್ಕೆ ಎತ್ವ ಹಾಕಿ. ಡಿಲೀಟ್ ಒತ್ತೋರು ಪ್ರತಿಸಲವೂ ಪೂರ್ತಿ ಅಕ್ಷರ ಮತ್ತೆ ಟೈಪ್ ಮಾಡ್ತಾರೆ.

ಹಳೆಯ ಫೈಲು ಬಂದಾಗ

ಸಹೋದ್ಯೋಗಿಗಳು ಹೋದ ವರ್ಷದ ಪತ್ರಿಕೆಯನ್ನು ವಾಟ್ಸಾಪಿನಲ್ಲಿ ಕಳಿಸ್ತಾರೆ, "ಇದನ್ನೇ ಸ್ವಲ್ಪ ಬದಲಾಯಿಸಿಕೊಳ್ಳಿ ಮಿಸ್." ತೆರೆದರೆ ಎನ್‌ವಿಡಿಎ ಪಿ ಅನ್ನುತ್ತೆ, ಎ ಗ್ರೇವ್ ಅನ್ನುತ್ತೆ, ಪೌಂಡ್ ಅನ್ನುತ್ತೆ. ಕಂಪ್ಯೂಟರ್ ಕೆಟ್ಟಿಲ್ಲ. ಅದು ನುಡಿ ಅನ್ನೋ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಮಾಡಿದ ಫೈಲು. ಆ ಫಾಂಟುಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಇಟ್ಟಿರುತ್ತೆ. 'ಕನ್ನಡ' ಅನ್ನೋ ಪದ ಒಳಗೆ ನಿಜವಾಗಿ ಪಿ, ಎ ಗ್ರೇವ್, ಪೌಂಡ್ ಚಿಹ್ನೆ ಹೀಗೆ ಕೂತಿರುತ್ತೆ. ಕಣ್ಣಿಗೆ ಕನ್ನಡ, ಕಿವಿಗೆ ಕಸ. ಖಾತ್ರಿ ಮಾಡಿಕೊಳ್ಳೋಕೆ ಎನ್‌ವಿಡಿಎ+ಎಫ್ ಒತ್ತಿ, ಫಾಂಟಿನ ಹೆಸರು ನುಡಿ ಅಂತ ಶುರುವಾದರೆ ಗೊತ್ತಾಯಿತಲ್ಲ.

ಈ ಹಳೆಯ ರೀತಿಗೆ ಆಸ್ಕಿ ಅಂತಾರೆ, ಪ್ರತಿ ಕನ್ನಡ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಇರೋ ಈಗಿನ ರೀತಿಗೆ ಯೂನಿಕೋಡ್. ಆಸ್ಕಿಯಿಂದ ಯೂನಿಕೋಡಿಗೆ ಬದಲಾಯಿಸುವ ತಂತ್ರಾಂಶಗಳಿವೆ, ಪುಕ್ಕಟೆಯೇ. ಬದಲಾಯಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು, ಇಂಗ್ಲಿಷ್ ಮತ್ತು ಅಂಕಿ ಬೆರೆತ ಸಾಲುಗಳನ್ನು ಒಂದು ಸಲ ಕೇಳಿ ನೋಡಿ, ಎಡವಟ್ಟಾಗೋದು ಅಲ್ಲೇ. ಫಾಂಟನ್ನು ನಿರ್ಮಲಾ ಯುಐ ಅಥವಾ ತುಂಗಾಕ್ಕೆ ಹಾಕಿ. ನಿರ್ಮಲಾ ವಿಂಡೋಸ್ 8ರಿಂದ ಜೊತೆಗೇ ಬರುತ್ತೆ, ಹಾಗಾಗಿ ಬೇರೆಯವರ ಕಂಪ್ಯೂಟರಿನಲ್ಲಿ ತೆರೆದರೂ ತೊಂದರೆಯಿಲ್ಲ. ನಾನಂತೂ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿಟ್ಟಿದ್ದೀನಿ, ಕಳಿಸೋದಾದರೆ ಯೂನಿಕೋಡಿನಲ್ಲಿ ಕಳಿಸಿ ಅಂತ. ನಾಚಿಕೊಳ್ಳಬೇಡಿ, ಕೇಳಿ.

ಪತ್ರಿಕೆ ಕಟ್ಟೋದು

ವಿಂಡೋಸ್+ಆರ್ ಒತ್ತಿ, ಇಂಗ್ಲಿಷಿನಲ್ಲಿ ವಿನ್‌ವರ್ಡ್ ಅಂತ ಬರೆದು ಎಂಟರ್. ಶುರುವಿನ ಪುಟ ಬಂದರೆ ಎಸ್ಕೇಪ್, ಖಾಲಿ ಹಾಳೆ ಸಿಗುತ್ತೆ. ಒಂದಕ್ಷರ ಬರೆಯುವ ಮುಂಚೆ ಎಫ್12 ಒತ್ತಿ ಹೆಸರು ಕೊಟ್ಟು ಉಳಿಸಿ. ವರ್ಡ್ ತಾನಾಗಿ ಬಚ್ಚಿಡೋದು ಮಾಮೂಲಿಗೆ 10 ನಿಮಿಷಕ್ಕೊಮ್ಮೆ, ನಮ್ಮ ಕಡೆ ಕರೆಂಟ್ ಅಷ್ಟು ಹೊತ್ತು ಕಾಯಲ್ಲ. ಹೆಸರು ಕೊಟ್ಟಮೇಲೆ ಪ್ರತಿ ಪ್ರಶ್ನೆಗೊಂದು ಸಲ ಕಂಟ್ರೋಲ್+ಎಸ್ ಕೈಗೆ ಅಭ್ಯಾಸವಾಗಲಿ. ಯಾವ ಫೈಲಿನಲ್ಲಿದ್ದೀವಿ ಅಂತ ಸಂಶಯ ಬಂದರೆ ಎನ್‌ವಿಡಿಎ+ಟಿ.

ಶಾಲೆಯ ಹೆಸರು, ಪರೀಕ್ಷೆಯ ಹೆಸರು ಮೇಲೆ ನಡುವಿಗೆ ಬರಬೇಕು. ಸ್ಪೇಸ್ ಒತ್ತೊತ್ತಿ ನಡುವಿಗೆ ತರೋದು ಬೇಡವೇ ಬೇಡ. ಕಣ್ಣಿರುವವರೂ ಹಾಗೇ ಮಾಡ್ತಾರೆ, ಅವರಿಗೆ ಹೇಗೋ ನಡೆದುಹೋಗುತ್ತೆ. ಕಂಟ್ರೋಲ್+ಇ ಒತ್ತಿದರೆ ಸಾಲು ನಡುವಿಗೆ, ಕಂಟ್ರೋಲ್+ಎಲ್ ಎಡಕ್ಕೆ, ಕಂಟ್ರೋಲ್+ಆರ್ ಬಲಕ್ಕೆ. ದಪ್ಪ ಅಕ್ಷರಕ್ಕೆ ಕಂಟ್ರೋಲ್+ಬಿ, ಶುರುವಾದಾಗ ಆನ್, ಮುಗಿದಾಗ ಆಫ್ ಅಂತ ಎನ್‌ವಿಡಿಎ ಹೇಳುತ್ತೆ. ಆ ಆಫ್ ಕೇಳಿಸ್ಕೊಳ್ಳದೆ ಮುಂದೆ ಹೋಗಬೇಡಿ. ಅಕ್ಷರದ ಅಳತೆ ಒಂದೊಂದೇ ಪಾಯಿಂಟ್ ಏರಿಸೋಕೆ ಕಂಟ್ರೋಲ್ ಜೊತೆ ಬಲ ಚೌಕ ಕಂಸ, ಇಳಿಸೋಕೆ ಎಡ ಚೌಕ ಕಂಸ.

ವಿಭಾಗಗಳಿಗೆ ಹೆಡಿಂಗ್ ಸ್ಟೈಲ್ ಹಾಕಿ. 'ಒಂದು ವಾಕ್ಯದಲ್ಲಿ ಉತ್ತರಿಸಿ', 'ಬಿಟ್ಟ ಸ್ಥಳ ತುಂಬಿರಿ', ಇಂಥ ಸಾಲಿನಲ್ಲಿ ನಿಂತು ಕಂಟ್ರೋಲ್+ಆಲ್ಟ್+2. ಮುಂದಿನ ಸಾಲಿಗೆ ಸಾದಾ ಸ್ಟೈಲ್ ಬೇಕಾದರೆ ಕಂಟ್ರೋಲ್+ಶಿಫ್ಟ್+ಎನ್. ಇದು ಬರೀ ಅಲಂಕಾರ ಅಂದುಕೊಳ್ಳಬೇಡಿ. ಎನ್‌ವಿಡಿಎ+ಸ್ಪೇಸ್ ಒತ್ತಿ ಬ್ರೌಸ್ ಮೋಡಿಗೆ, ಅಂದರೆ ಬರೆಯದೆ ಬರೀ ಓದುತ್ತಾ ಓಡಾಡೋ ಸ್ಥಿತಿಗೆ ಹೋದರೆ ಎಚ್ ಅಕ್ಷರ ಒತ್ತಿ ವಿಭಾಗದಿಂದ ವಿಭಾಗಕ್ಕೆ ನೆಗೆಯಬಹುದು, ಟಿ ಒತ್ತಿ ಕೋಷ್ಟಕಕ್ಕೆ ಹೋಗಬಹುದು. ಎನ್‌ವಿಡಿಎ+ಎಫ್7 ಒತ್ತಿದರೆ ಹೆಡಿಂಗುಗಳ ಪಟ್ಟಿಯೇ ಬರುತ್ತೆ, ಇಡೀ ಪತ್ರಿಕೆಯ ಅಸ್ಥಿಪಂಜರ ಒಂದೇ ಉಸಿರಿಗೆ ಕೇಳಿಸುತ್ತೆ. ಮತ್ತೆ ಬರೆಯೋಕೆ ಎನ್‌ವಿಡಿಎ+ಸ್ಪೇಸ್. ಕಣ್ಣಿರುವವರು ಪುಟವನ್ನು ಒಂದು ನೋಟದಲ್ಲಿ ಹಿಡೀತಾರೆ ಅಂತಾರಲ್ಲ, ನಮ್ಮ ನೋಟ ಈ ಪಟ್ಟಿ.

ನನ್ನ ಪತ್ರಿಕೆಯಲ್ಲಿ ಮೊದಲು ಒಂದು ಅಂಕದ 5 ಪ್ರಶ್ನೆ. ಡಿ.ವಿ.ಜಿ. ಹುಟ್ಟಿದ ಊರು ಯಾವುದು? ಇದನ್ನು ಮುಳಬಾಗಿಲಿನ ಮಕ್ಕಳಿಗೆ ಕೇಳೋದು ಅಂಕ ಪುಕ್ಕಟೆ ಕೊಟ್ಟಂತೆ, ಆದರೂ ಕೇಳ್ತೀನಿ. ಪ್ರಶ್ನೆ ಸಂಖ್ಯೆಯನ್ನು 1 ಅಂತ ಬರೆದು ಚುಕ್ಕಿ ಇಟ್ಟು ಸ್ಪೇಸ್ ಒತ್ತಿದರೆ ವರ್ಡ್ ತಾನೇ ಪಟ್ಟಿ ಶುರು ಮಾಡುತ್ತೆ, ಎಂಟರ್ ಒತ್ತಿದ ಹಾಗೆಲ್ಲ 2, 3 ಬರುತ್ತೆ. ಕೆಳಬಾಣದಲ್ಲಿ ಸಾಲು ಓದಿಸುವಾಗ ಸಂಖ್ಯೆ ಕೇಳಿಸುತ್ತೆ, ಎಡಬಾಣದಲ್ಲಿ ಹೋದರೆ ಕರ್ಸರ್ ಅದರ ಮೇಲೆ ನಿಲ್ಲಲ್ಲ. ಅಳಿಸಿಹೋಗಿದೆ ಅಂದುಕೊಂಡು ಇನ್ನೊಂದು 1 ಸೇರಿಸಬೇಡಿ. ಪಟ್ಟಿಯಿಂದ ಹೊರಗೆ ಬರೋಕೆ ಖಾಲಿ ಸಾಲಿನಲ್ಲಿ ಇನ್ನೊಮ್ಮೆ ಎಂಟರ್.

ಅಂಕ ಬಲ ಅಂಚಿಗೆ ಬರಬೇಕು, 'ಉತ್ತರಿಸಿ' ಅನ್ನೋ ಸಾಲಿನಲ್ಲೇ ಕೊನೆಗೆ 5×1=5 ಅಂತ. ಇದಕ್ಕೆ ಬಲ ಟ್ಯಾಬ್ ನಿಲುಗಡೆ ಬೇಕು. ಆಲ್ಟ್ ಒತ್ತಿ ಬಿಟ್ಟು ಎಚ್, ಪಿ, ಜಿ ಒಂದಾದ ಮೇಲೊಂದು ಒತ್ತಿದರೆ ಪ್ಯಾರಾಗ್ರಾಫ್ ಡೈಲಾಗ್. ಅಲ್ಲಿ ಆಲ್ಟ್+ಟಿ ಒತ್ತಿದರೆ ಟ್ಯಾಬ್ಸ್ ಡೈಲಾಗ್. ಎ4 ಹಾಳೆ 21 ಸೆಂ.ಮೀ. ಅಗಲ, ಎರಡು ಕಡೆ 2.54 ಸೆಂ.ಮೀ. ಅಂಚು ಬಿಟ್ಟರೆ ಬರೆಯೋಕೆ ಸಿಗೋದು ಸುಮಾರು 15.9. ಮೊದಲ ಪೆಟ್ಟಿಗೆಯಲ್ಲಿ 15.9 ಅಂತ ಬರೆದು ಮುಂದೆ ಇಂಗ್ಲಿಷಿನಲ್ಲಿ ಸಿಎಂ ಅಂತ ಸೇರಿಸಿ. ನಿಮ್ಮ ವರ್ಡ್ ಇಂಚಿನಲ್ಲಿ ಇದ್ದರೂ ಅದನ್ನು ಅರ್ಥ ಮಾಡಿಕೊಳ್ಳುತ್ತೆ. ಆಲ್ಟ್+ಆರ್ ಒತ್ತಿ ಬಲ ಅಂತ ಆರಿಸಿ, ಆಲ್ಟ್+ಎಸ್ ಒತ್ತಿ ಸೆಟ್ ಮಾಡಿ, ಎಂಟರ್. ಈಗ ಆ ಸಾಲಿನ ಕೊನೆಯಲ್ಲಿ ಒಂದೇ ಟ್ಯಾಬ್ ಒತ್ತಿ ಅಂಕ ಬರೆದರೆ ಅದು ಅಂಚಿಗೆ ಅಂಟಿಕೊಳ್ಳುತ್ತೆ. ಮೊದಲ ಸಲ ಉದ್ದ ಅನ್ನಿಸುತ್ತೆ. ಆದರೆ ಸ್ಪೇಸ್ ಹೊಡೆದು ಅಂದಾಜಿನಲ್ಲಿ ತಳ್ಳಿದ ಅಂಕ ಒಂದೊಂದು ಸಾಲಿನಲ್ಲಿ ಒಂದೊಂದು ಕಡೆ ನಿಂತಿರುತ್ತೆ, ನಮಗೆ ಮಾತ್ರ ಗೊತ್ತಾಗಲ್ಲ.

ಗುಣಾಕಾರದ ಚಿಹ್ನೆಗೆ ಇಂಗ್ಲಿಷಿನ ಎಕ್ಸ್ ಹಾಕೋದು ರೂಢಿ. ಸರಿಯಾದದ್ದು ಬೇಕಾದರೆ ಇಂಗ್ಲಿಷ್ ಕೀಬೋರ್ಡಿನಲ್ಲಿ ಸೊನ್ನೆ, ಸೊನ್ನೆ, ಡಿ, 7 ಅಂತ ಬರೆದು ಆಲ್ಟ್+ಎಕ್ಸ್ ಒತ್ತಿ. ಸಂಖ್ಯೆಯ ಪಕ್ಕದಲ್ಲೇ ಅಂಟಿಸಿ ಬರೆದರೆ ಆ ಸಂಖ್ಯೆಯನ್ನೂ ಸೇರಿಸಿಕೊಂಡುಬಿಡುತ್ತೆ, ಹಾಗಾಗಿ ಚಿಹ್ನೆ ಮೊದಲು, ಎಡಗಡೆಯ ಅಂಕಿ ಆಮೇಲೆ.

ಬಿಟ್ಟ ಸ್ಥಳಕ್ಕೆ ಬರೋಣ. ಎಲ್ಲರೂ ಅಂಡರ್‌ಸ್ಕೋರ್ ಸಾಲಾಗಿ ಒತ್ತುತಾರೆ. ಪ್ರಶ್ನೆಯ ನಡುವೆ ಇದ್ದರೆ ಪರವಾಗಿಲ್ಲ. ಆದರೆ ಒಂದು ಸಾಲಿನಲ್ಲಿ ಬರೀ ಅಂಡರ್‌ಸ್ಕೋರ್ ಅಥವಾ ಬರೀ ಅಡ್ಡಗೆರೆ ಮೂರು ಸಲ ಒತ್ತಿ ಎಂಟರ್ ಹೊಡೆದರೆ ವರ್ಡ್ ಅದನ್ನು ಕಿತ್ತು ಪುಟದಗಲದ ಒಂದು ಗೆರೆ ಮಾಡಿಬಿಡುತ್ತೆ. ಉತ್ತರ ಬರೆಯೋಕೆ ಜಾಗ ಬಿಡುವಾಗ ಇದು ಗ್ಯಾರಂಟಿ ಆಗುತ್ತೆ. ಆ ಗೆರೆ ಅಕ್ಷರವಲ್ಲ, ಪ್ಯಾರಾದ ಅಂಚು. ಕರ್ಸರ್ ಅದರ ಮೇಲೆ ಹೋಗಲ್ಲ, ಬ್ಯಾಕ್‌ಸ್ಪೇಸಿಗೆ ಸಿಗಲ್ಲ. ಆದ ತಕ್ಷಣ ಕಂಟ್ರೋಲ್+ಝಡ್ ಒತ್ತಿದರೆ ಗೆರೆ ಹೋಗಿ ಅಂಡರ್‌ಸ್ಕೋರ್ ವಾಪಸ್ ಬರುತ್ತೆ. ಕಾಯಂ ಪರಿಹಾರ ಬೇಕಾದರೆ ಆಲ್ಟ್, ಎಫ್, ಟಿ ಒತ್ತಿ ಆಪ್ಷನ್ಸ್, ಅಲ್ಲಿ ಪ್ರೂಫಿಂಗ್, ಆಟೋಕರೆಕ್ಟ್ ಆಪ್ಷನ್ಸ್, ಅದರೊಳಗೆ ಆಟೋಫಾರ್ಮ್ಯಾಟ್ ಆಸ್ ಯು ಟೈಪ್ ಅನ್ನೋ ಪುಟದಲ್ಲಿ ಬಾರ್ಡರ್ ಲೈನ್ಸ್ ಅನ್ನೋದರ ಗುರುತು ತೆಗೆದುಹಾಕಿ.

ಹೊಂದಿಸಿ ಬರೆಯಿರಿ ಕೋಷ್ಟಕದಲ್ಲಿ ಮಾಡಿದರೇ ಚೆಂದ. ಆಲ್ಟ್, ಎನ್, ಟಿ, ಐ ಒತ್ತಿದರೆ ಎಷ್ಟು ಕಂಬಸಾಲು, ಎಷ್ಟು ಅಡ್ಡಸಾಲು ಅಂತ ಕೇಳುತ್ತೆ. 2 ಮತ್ತು 5 ಅಂತ ಕೊಡಿ. ಮೊದಲ ಸಾಲಿಗೆ 'ಕವಿ', 'ಕಾವ್ಯನಾಮ'. ಕೆಳಗೆ ಎಡಗಡೆ ನಮ್ಮ ಮಾಲೂರು ತಾಲ್ಲೂಕಿನವರೇ ಆದ ಮಾಸ್ತಿ ವೆಂಕಟೇಶ ಅಯ್ಯಂಗಾರ್, ಕೆ.ವಿ. ಪುಟ್ಟಪ್ಪ, ದ.ರಾ. ಬೇಂದ್ರೆ, ವಿ.ಕೃ. ಗೋಕಾಕ; ಬಲಗಡೆ ಅದಲುಬದಲಾಗಿ ವಿನಾಯಕ, ಶ್ರೀನಿವಾಸ, ಅಂಬಿಕಾತನಯದತ್ತ, ಕುವೆಂಪು. ಟ್ಯಾಬ್ ಒತ್ತಿದರೆ ಮುಂದಿನ ಮನೆ. ಕೊನೆಯ ಮನೆಯಲ್ಲಿ ಟ್ಯಾಬ್ ಒತ್ತಿದರೆ ಹೊಸ ಸಾಲು ಹುಟ್ಟಿಬಿಡುತ್ತೆ, ಅಲ್ಲಿ ಕೆಳಬಾಣದಿಂದ ಹೊರಗೆ ಬನ್ನಿ. ಬರೆದದ್ದನ್ನು ಕಂಬಸಾಲಿನ ಉದ್ದಕ್ಕೆ ಓದಿಸೋಕೆ ಕಂಟ್ರೋಲ್+ಆಲ್ಟ್ ಹಿಡಿದು ಮೇಲೆ ಕೆಳಗೆ ಬಾಣ. ಹಾಗೆ ಬಲಗಡೆಯದನ್ನು ಮಾತ್ರ ಓದಿಸಿದಾಗ ಉತ್ತರ ಎದುರಿಗೇ ಕೂತಿಲ್ಲ ಅನ್ನೋದು ಖಾತ್ರಿಯಾಗುತ್ತೆ.

ಇಲ್ಲೊಂದು ಎಚ್ಚರಿಕೆ. ಶಾಲೆಗಳಲ್ಲಿರೋ ಹಳೆಯ ಕೆಲವು ಕಂಪ್ಯೂಟರುಗಳಲ್ಲಿ ಇದೇ ಕಂಟ್ರೋಲ್+ಆಲ್ಟ್+ಬಾಣ ಪರದೆಯನ್ನು ತಲೆಕೆಳಗೆ ಮಾಡೋ ಕೀ. ನೀವು ಆರಾಮಾಗಿ ಟೈಪ್ ಮಾಡ್ತಾ ಇರ್ತೀರಿ, ಕ್ಲರ್ಕ್ ಬಂದು ನೋಡಿ ಹೌಹಾರ್ತಾರೆ. ಕಂಟ್ರೋಲ್+ಆಲ್ಟ್+ಮೇಲ್ಬಾಣ ಒತ್ತಿದರೆ ನೆಟ್ಟಗಾಗುತ್ತೆ. ಗ್ರಾಫಿಕ್ಸ್ ಸೆಟ್ಟಿಂಗಿನಲ್ಲಿ ಹಾಟ್ ಕೀ ಆಫ್ ಮಾಡಿಸಿಕೊಂಡರೆ ಮತ್ತೆ ತಂಟೆಯಿಲ್ಲ.

ಓದಿ ಉತ್ತರಿಸುವ ಗದ್ಯಭಾಗಕ್ಕೆ ನಾನು ಕೆಜಿಎಫ್ ಬಗ್ಗೆ ಬರೀತೀನಿ. ಶಿವನಸಮುದ್ರದಿಂದ 1902ರಲ್ಲಿ ಗಣಿಗೆ ವಿದ್ಯುತ್ ಬಂದದ್ದು, 2001ರಲ್ಲಿ ಗಣಿ ಮುಚ್ಚಿದ್ದು. ಇಸವಿ ಟೈಪ್ ಮಾಡಿದ ಮೇಲೆ ಒಂದೊಂದೇ ಅಂಕಿ ಬಾಣದಲ್ಲಿ ಕೇಳಿ. ಪೂರ್ತಿ ಸಂಖ್ಯೆಯಾಗಿ ಓದಿಸಿದಾಗ 1902 ಮತ್ತು 1920 ಗಡಿಬಿಡಿಯಲ್ಲಿ ಒಂದೇ ಥರ ಕೇಳಿಸುತ್ತೆ. ಗದ್ಯಭಾಗವನ್ನು ಬೇರೆ ಕಡೆಯಿಂದ ಕಾಪಿ ಮಾಡಿ ತಂದರೆ ಅದರ ಜೊತೆ ಅದರ ಬಣ್ಣ, ಅಳತೆ, ಫಾಂಟ್ ಎಲ್ಲ ಬರುತ್ತೆ. ಈಚಿನ ವರ್ಡಿನಲ್ಲಿ ಕಂಟ್ರೋಲ್+ಶಿಫ್ಟ್+ವಿ ಒತ್ತಿದರೆ ಬರೀ ಅಕ್ಷರ ಬರುತ್ತೆ. ಹಳೆಯದರಲ್ಲಿ ಅಂಟಿಸಿ, ಅದನ್ನು ಸೆಲೆಕ್ಟ್ ಮಾಡಿ, ಕಂಟ್ರೋಲ್+ಸ್ಪೇಸ್.

ಕೊನೆಯ ಎರಡು ಪ್ರಶ್ನೆ ನಾಲ್ಕು ನಾಲ್ಕು ಅಂಕದವು. ಅದರಲ್ಲಿ ಹೇಳೋಂಥದ್ದೇನಿಲ್ಲ.

ಕಿವಿಗೆ ಸಿಗದ ತಪ್ಪು

ತಿದ್ದೋದನ್ನು ಎರಡು ಸುತ್ತು ಮಾಡಿ, ಎರಡನ್ನೂ ಒಟ್ಟಿಗೆ ಮಾಡಬೇಡಿ. ಮೊದಲ ಸುತ್ತು ಅಕ್ಷರಕ್ಕೆ. ಕಂಟ್ರೋಲ್+ಹೋಮ್ ಒತ್ತಿ ಮೇಲೆ ಹೋಗಿ, ಎನ್‌ವಿಡಿಎ+ಕೆಳಬಾಣ ಒತ್ತಿ ಪೂರ್ತಿ ಕೇಳಿ. ಎನ್‌ವಿಡಿಎ+ಪಿ ಒತ್ತುತ್ತಾ ಹೋಗಿ ಚಿಹ್ನೆಗಳೆಲ್ಲ ಓದುವಂತೆ ಮಾಡಿಕೊಳ್ಳಿ, ಆಗ ಪ್ರಶ್ನಾರ್ಥಕ ಇಲ್ಲದ ಪ್ರಶ್ನೆ ಸಿಕ್ಕಿಬೀಳುತ್ತೆ. ಎಡವಿದಂತೆ ಕೇಳಿಸಿದ ಕಡೆ ಕಂಟ್ರೋಲ್ ಒತ್ತಿ ನಿಲ್ಲಿಸಿ, ಕಂಟ್ರೋಲ್ ಜೊತೆ ಬಾಣದಲ್ಲಿ ಪದ ಪದ, ಆಮೇಲೆ ಅಕ್ಷರ ಅಕ್ಷರ.

ಹಾಗೆ ಮಾಡಿದರೂ ತಪ್ಪಿಸಿಕೊಳ್ಳೋವು ಇವೆ. ಶ ಮತ್ತು ಷ ಯಂತ್ರದ ಬಾಯಲ್ಲಿ ಹೆಚ್ಚುಕಮ್ಮಿ ಒಂದೇ. 'ಭಾಷೆ' ಹೋಗಿ 'ಭಾಶೆ' ಆಗಿದ್ದರೂ ಧ್ವನಿ ಏನೂ ಗೊತ್ತಿಲ್ಲದಂತೆ ಓದಿಕೊಂಡು ಹೋಗುತ್ತೆ. ಕನ್ನಡ ಮಿಸ್ ಪತ್ರಿಕೆಯಲ್ಲಿ ಇದು ಸಿಕ್ಕರೆ ಮಕ್ಕಳು ವರ್ಷವಿಡೀ ಮರೆಯಲ್ಲ. ಸಂಶಯ ಬಂದ ಅಕ್ಷರದ ಮೇಲೆ ಕರ್ಸರ್ ನಿಲ್ಲಿಸಿ ನಂಬರ್ ಪ್ಯಾಡಿನ 2ನ್ನು ಬೇಗಬೇಗ ಮೂರು ಸಲ ಒತ್ತಿ. ಆ ಅಕ್ಷರದ ಯೂನಿಕೋಡ್ ಸಂಖ್ಯೆ ಹೇಳುತ್ತೆ. ಶ ಅಂದರೆ 3254, ಷ ಅಂದರೆ 3255. ಲ 3250, ಳ 3251. ನ 3240, ಣ 3235. ಗುಣಿತ ಇದ್ದರೆ ಮೊದಲು ಬರುವ ಸಂಖ್ಯೆ ವ್ಯಂಜನದ್ದು. ಈ ಆರು ಸಂಖ್ಯೆ ನನಗೆ ಮಗ್ಗಿಯ ಹಾಗೆ ಬಾಯಿಪಾಠ. 8204 ಅಂತ ಏನಾದರೂ ಕೇಳಿಸಿದರೆ ಗಾಬರಿಯಾಗಬೇಡಿ, ಅದು 'ಸಾಫ್ಟ್‌ವೇರ್' ಥರದ ಪದಗಳಲ್ಲಿ ಒತ್ತಕ್ಷರ ಆಗದಂತೆ ತಡೆಯುವ, ಯಾರ ಕಣ್ಣಿಗೂ ಕಾಣದ ಒಂದು ಚಿಹ್ನೆ. ಕಂಟ್ರೋಲ್+ಎಫ್ ಒತ್ತಿ ಹುಡುಕಿದ ಪದ ಇದ್ದೂ ಸಿಗಲಿಲ್ಲ ಅಂದರೆ ಅನೇಕ ಸಲ ಇದರದ್ದೇ ಕಿತಾಪತಿ.

ಎರಡನೇ ಸುತ್ತು ರೂಪಕ್ಕೆ. ಕೆಲವರು ಎನ್‌ವಿಡಿಎ+ಕಂಟ್ರೋಲ್+ಡಿ ಒತ್ತಿ ಫಾಂಟ್, ಅಳತೆ, ಬಣ್ಣ ಎಲ್ಲವನ್ನೂ ಹೇಳು ಅಂತ ಹಾಕಿಟ್ಟುಕೊಳ್ತಾರೆ. ಬರೆಯುವಾಗ ಅದು ತಲೆ ತಿನ್ನುತ್ತೆ. ನಾನು ಎಲ್ಲ ತೆಗೆದು ಕೋಷ್ಟಕ, ಹೆಡಿಂಗ್, ಪುಟಸಂಖ್ಯೆ ಮಾತ್ರ ಇಟ್ಟಿದ್ದೀನಿ. ಕೊನೆಗೆ ಪ್ರತಿ ವಿಭಾಗದಲ್ಲೂ ನಿಂತು ಎನ್‌ವಿಡಿಎ+ಎಫ್ ಒತ್ತಿ ಕೇಳ್ತೀನಿ: ಫಾಂಟ್ ಒಂದೇನಾ, ಅಳತೆ ಒಂದೇನಾ, ದಪ್ಪ ಬೇಕಾದ ಕಡೆ ಮಾತ್ರ ಇದೆಯಾ. ಎರಡು ಸಲ ಒತ್ತಿದರೆ ಆ ವಿವರ ಒಂದು ಕಿಟಕಿಯಲ್ಲಿ ಬರುತ್ತೆ, ಬಾಣದಲ್ಲಿ ನಿಧಾನವಾಗಿ ಓದಬಹುದು. ಎನ್‌ವಿಡಿಎ ಜೊತೆ ನಂಬರ್ ಪ್ಯಾಡಿನ ಡಿಲೀಟ್ ಒತ್ತಿದರೆ ಕರ್ಸರ್ ಹಾಳೆಯ ಅಂಚಿನಿಂದ ಎಷ್ಟು ದೂರದಲ್ಲಿದೆ ಅನ್ನೋದೂ ಸಿಗುತ್ತೆ. ಅಂಕಗಳು ಒಂದೇ ನೇರಕ್ಕೆ ಇವೆಯಾ ಅಂತ ನೋಡೋಕೆ ನಾನು ಇದನ್ನೇ ಬಳಸೋದು. ಎರಡೆರಡು ಸ್ಪೇಸ್ ಬಿದ್ದಿದ್ದರೆ ಒಂದೊಂದೇ ಹುಡುಕೋದು ಬೇಡ. ಕಂಟ್ರೋಲ್+ಎಚ್ ಒತ್ತಿ ಮೊದಲ ಪೆಟ್ಟಿಗೆಯಲ್ಲಿ ಎರಡು ಸ್ಪೇಸ್, ಎರಡನೆಯದರಲ್ಲಿ ಒಂದು ಸ್ಪೇಸ್ ಕೊಟ್ಟು ಎಲ್ಲವನ್ನೂ ಬದಲಾಯಿಸಿ. ಇನ್ನು ಸಿಗಲ್ಲ ಅನ್ನೋವರೆಗೆ ಮಾಡಿ.

ಜೆರಾಕ್ಸಿಗೆ ಹೋಗುವ ಮುಂಚೆ

ಕಂಟ್ರೋಲ್+ಎಂಡ್ ಒತ್ತಿ ಕೊನೆಗೆ ಹೋಗಿ, ಎನ್‌ವಿಡಿಎ+ಎಂಡ್ ಒತ್ತಿ ಸ್ಟೇಟಸ್ ಬಾರ್ ಓದಿಸಿ. ಎಷ್ಟು ಪುಟದಲ್ಲಿ ಎಷ್ಟನೆಯದು ಅಂತ ಹೇಳುತ್ತೆ. 25 ಅಂಕದ ಪತ್ರಿಕೆ ಒಂದು ಹಾಳೆಯ ಎರಡು ಬದಿಯಲ್ಲಿ ಮುಗಿಯಬೇಕು. ಮೂರನೇ ಪುಟ ಅಂದರೆ ಒಂದೋ ಕೊನೆಯಲ್ಲಿ ಖಾಲಿ ಎಂಟರುಗಳಿವೆ, ಇಲ್ಲ ಒಂದೆರಡು ಸಾಲು ಚೆಲ್ಲಿದೆ. ಖಾಲಿ ಸಾಲನ್ನು ಎನ್‌ವಿಡಿಎ ಬ್ಲ್ಯಾಂಕ್ ಅನ್ನುತ್ತೆ, ಹಿಂದಿನಿಂದ ಅಳಿಸಿಕೊಂಡು ಬನ್ನಿ. ನಮ್ಮಲ್ಲಿ ಮೂರನೇ ಪುಟ ಅಂದರೆ ಪ್ರತಿ ಮಗುವಿಗೂ ಇನ್ನೊಂದು ಹಾಳೆ, ಆ ದುಡ್ಡು ಯಾವ ಲೆಕ್ಕದಲ್ಲಿ ಹಾಕೋದು ಅಂತ ಎಚ್‌ಎಂ ಕೇಳ್ತಾರೆ. ಹೊಂದಿಸಿ ಬರೆಯಿರಿ ಕೋಷ್ಟಕ ಎರಡು ಪುಟಕ್ಕೆ ಹರಿದುಹೋಗಿದೆಯಾ ಅನ್ನೋದನ್ನೂ ಅದರ ಮೊದಲ ಮತ್ತು ಕೊನೆಯ ಸಾಲಿನಲ್ಲಿ ಎನ್‌ವಿಡಿಎ+ಎಂಡ್ ಒತ್ತಿ ನೋಡಿ. ಹರಿದಿದ್ದರೆ ಅದರ ಹೆಡಿಂಗಿನ ಮುಂದೆ ನಿಂತು ಕಂಟ್ರೋಲ್+ಎಂಟರ್.

ಜೆರಾಕ್ಸ್ ಅಂಗಡಿಗೆ ವರ್ಡ್ ಫೈಲ್ ಕೊಡಬೇಡಿ. ಅವರ ಕಂಪ್ಯೂಟರಿನಲ್ಲಿ ಫಾಂಟ್ ಬೇರೆಯಾದರೆ ಸಾಲುಗಳೆಲ್ಲ ಜರುಗುತ್ತೆ. ಎಫ್12 ಒತ್ತಿ, ಸೇವ್ ಆಸ್ ಟೈಪ್‌ನಲ್ಲಿ ಪಿಡಿಎಫ್ ಆರಿಸಿ. ಅಲ್ಲಿ ಆಪ್ಷನ್ಸ್ ಬಟನ್ ಒಳಗೆ ಡಾಕ್ಯುಮೆಂಟ್ ಸ್ಟ್ರಕ್ಚರ್ ಟ್ಯಾಗ್ಸ್ ಫಾರ್ ಆ್ಯಕ್ಸೆಸಿಬಿಲಿಟಿ ಅನ್ನೋದಕ್ಕೆ ಗುರುತು ಇರಲಿ. ಆಗ ನಿಮ್ಮ ಹೆಡಿಂಗು, ಕೋಷ್ಟಕಗಳು ಪಿಡಿಎಫ್‌ನಲ್ಲೂ ಉಳಿಯುತ್ತೆ, ಇನ್ನೊಬ್ಬ ಕಣ್ಣು ಕಾಣದ ಟೀಚರಿಗೆ ಕಳಿಸಿದರೆ ಅವರಿಗೂ ಓದಿಸೋಕೆ ಬರುತ್ತೆ.

ಪರೀಕ್ಷೆ ಮುಗಿದ ಮೇಲೆ ಅದೇ ವರ್ಡ್ ಫೈಲ್ ತೆರೆದು ಪ್ರಶ್ನೆಗಳನ್ನು ಮಾತ್ರ ಅಳಿಸಿ. ಶಾಲೆಯ ಹೆಸರು, ಹೆಡಿಂಗುಗಳು, ಟ್ಯಾಬ್ ನಿಲುಗಡೆ, ಖಾಲಿ ಕೋಷ್ಟಕ ಇರಲಿ. ಎಫ್12 ಒತ್ತಿ ಟೈಪ್‌ನಲ್ಲಿ ವರ್ಡ್ ಟೆಂಪ್ಲೇಟ್ ಆರಿಸಿ ಉಳಿಸಿ. ಮುಂದಿನ ಕಿರುಪರೀಕ್ಷೆಗೆ ಆ ಟೆಂಪ್ಲೇಟಿನ ಮೇಲೆ ಎಂಟರ್ ಒತ್ತಿದರೆ ಹೊಸ ಫೈಲ್ ತೆರೆಯುತ್ತೆ, 15.9ರ ಲೆಕ್ಕ ಮತ್ತೆ ಹಾಕಬೇಕಾಗಿಲ್ಲ. ಶ್ರೀನಿವಾಸಪುರದ ಹುಡುಗಿಗೆ ನನ್ನದನ್ನು ಕಳಿಸಿದ್ದೀನಿ. ಪ್ರಶ್ನೆ ಅವಳೇ ಹಾಕ್ಕೊಳ್ಳಬೇಕು.